ಗಂಡನಿಗೂ ಹೆಂಡತಿಗೂ ಒಂದೇ ಮಾತ್ರೆ: ಸಂಶೋಧನೆಯಲ್ಲಿ ಹೆಂಗಸರ ಲೆಕ್ಕ ಎಲ್ಲಿದೆ?

ಪ್ರಶ್ನೆ: ನನಗೆ 49 ವರ್ಷ. ಊರು ಉಡುಪಿ ಕಡೆ, ಈಗ ಡೊಂಬಿವಲಿಯಲ್ಲಿದ್ದೇವೆ. ಶಾಲೆಯಲ್ಲಿ ಶಿಕ್ಷಕಿ. ನನಗೂ ನಮ್ಮ ಯಜಮಾನರಿಗೂ ಬಿಪಿ ಇದೆ, ಇಬ್ಬರಿಗೂ ಅಮ್ಲೋಡಿಪಿನ್ 5 ಮಿಲಿಗ್ರಾಂ ಕೊಟ್ಟಿದ್ದಾರೆ. ಅವರಿಗೆ ಏನೂ ತೊಂದರೆಯಿಲ್ಲ. ನನಗೆ ಮಾತ್ರ ಸಂಜೆಯಾಗುವಷ್ಟರಲ್ಲಿ ಎರಡೂ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಮೂಡುತ್ತದೆ. ವೈದ್ಯರಿಗೆ ಹೇಳಿದರೆ, "ನಿಂತು ಪಾಠ ಮಾಡುತ್ತೀರಿ, ಮುಟ್ಟು ನಿಲ್ಲುವ ವಯಸ್ಸು ಬೇರೆ, ಇದೆಲ್ಲ ಇದ್ದದ್ದೇ" ಎಂದರು. ಔಷಧಗಳನ್ನು ಗಂಡಸರ ಮೇಲೆ ಮಾತ್ರ ಪರೀಕ್ಷಿಸಿ ಅದೇ ಪ್ರಮಾಣವನ್ನು ಹೆಂಗಸರಿಗೂ ಕೊಡುತ್ತಾರೆ ಎಂದು ಎಲ್ಲೋ ಓದಿದೆ. ನಿಜವೇ? ನಾನು ಅರ್ಧ ಮಾತ್ರೆ ತೆಗೆದುಕೊಳ್ಳಲೇ? ಇನ್ನೊಂದು ವಿಷಯ. ಮಗಳು ಪುಣೆಯಲ್ಲಿ ಐದು ತಿಂಗಳ ಬಸುರಿ, ಹಿಮೋಗ್ಲೋಬಿನ್ 8.9. ಕಬ್ಬಿಣದ ಮಾತ್ರೆ ಒಳ್ಳೆಯದೋ, ಸಲೈನ್ ಮೂಲಕ ಕೊಡುವ ಕಬ್ಬಿಣ ಒಳ್ಳೆಯದೋ ಎಂದು ನೋಡುವ ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಅಲ್ಲಿನ ಆಸ್ಪತ್ರೆಯವರು ಕೇಳಿದ್ದಾರೆ. ಬೀಗರು "ನಮ್ಮ ಸೊಸೆ ಪ್ರಯೋಗದ ಇಲಿಯಲ್ಲ" ಎನ್ನುತ್ತಾರೆ. ನನಗೂ ಒಳಗೊಳಗೆ ಹೆದರಿಕೆಯೇ. ಅವಳಿಗೆ ಏನು ಹೇಳಲಿ?
— ಹೆಸರು ಪ್ರಕಟಿಸಬೇಡಿ ಎಂದಿರುವ ಓದುಗರು

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲಿ, ಸಂಶೋಧಕರು ಹೆಂಗಸರನ್ನು ಕೇಳಲೇ ಇಲ್ಲವಲ್ಲ ಎಂಬ ಬೇಸರವಿದೆ, ಎರಡನೆಯದರಲ್ಲಿ, ಈಗ ಬಂದು ಯಾಕೆ ಕೇಳುತ್ತಿದ್ದಾರೆ ಎಂಬ ಸಂಶಯವಿದೆ. ಎರಡೂ ನ್ಯಾಯವಾದವೇ, ಎರಡರ ಬೇರೂ ಒಂದೇ. ಔಷಧಶಾಸ್ತ್ರ ನನ್ನ ವಿಷಯ. ಮುಂಬಯಿಯ ಬೋಧನಾ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತ, ಮನುಷ್ಯರನ್ನು ಒಳಗೊಳ್ಳುವ ಅಧ್ಯಯನಗಳನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಯಲ್ಲಿಯೂ ಕುಳಿತಿದ್ದೇನೆ. ಹಾಗಾಗಿ ಮಾತ್ರೆ ನುಂಗುವವರ ದೂರನ್ನೂ ಅಧ್ಯಯನ ನಡೆಸುವವರ ಸಮಜಾಯಿಷಿಯನ್ನೂ ಕೇಳುವ ಅವಕಾಶ ನನಗಿದೆ.

ಮೊದಲು ನಿಮ್ಮ ಕಾಲಿನ ವಿಷಯ. ಅಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಸಡಿಲಿಸಿ ರಕ್ತದೊತ್ತಡವನ್ನು ಇಳಿಸುತ್ತದೆ, ಆದರೆ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳನ್ನು ಅಷ್ಟಾಗಿ ಸಡಿಲಿಸುವುದಿಲ್ಲ; ಹೀಗಾಗಿ ನಡುವಿನ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ ನೀರಿನಂಶ ಹೊರಗೆ ಜಿನುಗುತ್ತದೆ, ನಿಂತವರಲ್ಲಿ ಅದು ಪಾದಕ್ಕೆ ಇಳಿಯುತ್ತದೆ. ನಿಂತು ಪಾಠ ಮಾಡುವುದು ಊತವನ್ನು ಹೆಚ್ಚಿಸುತ್ತದೆ ಎಂಬುದು ಸರಿ, ಆದರೆ ಅದೇ ಕಾರಣ ಎನ್ನುವುದು ಸರಿಯಲ್ಲ. ಈ ಔಷಧದ ಅಧಿಕೃತ ಮಾಹಿತಿಪತ್ರದಲ್ಲಿಯೇ ಒಂದು ಪುಟ್ಟ ಪಟ್ಟಿಯಿದೆ: ಪ್ರಯೋಗಗಳಲ್ಲಿ ಊತ ಕಾಣಿಸಿಕೊಂಡದ್ದು ಗಂಡಸರಲ್ಲಿ ಶೇ. 5.6, ಹೆಂಗಸರಲ್ಲಿ ಶೇ. 14.6. ಮುಖಕ್ಕೆ ಬಿಸಿಯೇರುವುದು ಮತ್ತು ಎದೆ ಡವಗುಟ್ಟುವುದು ಕೂಡ ಹೆಂಗಸರಲ್ಲಿಯೇ ಹೆಚ್ಚು. ಊತವು ಪ್ರಮಾಣವನ್ನು ಅವಲಂಬಿಸಿದ್ದು, 2.5 ಮಿಲಿಗ್ರಾಂನಲ್ಲಿ ಬಹಳ ಕಡಿಮೆ, 10 ಮಿಲಿಗ್ರಾಂಗೆ ಹೋದಾಗ ಹಲವು ಪಟ್ಟು ಏರುತ್ತದೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ನೀವು ಓದಿದ ಮಾತಿಗೆ ನಿಮ್ಮ ಮಾತ್ರೆ ತಕ್ಕ ಉದಾಹರಣೆಯೇ ಅಲ್ಲ! ಈ ಪ್ರಯೋಗಗಳಲ್ಲಿ ಹೆಂಗಸರಿದ್ದರು, ಅವರನ್ನು ಪ್ರತ್ಯೇಕವಾಗಿ ಎಣಿಸಿದ್ದರು, ಫಲಿತಾಂಶವನ್ನು ಅಚ್ಚು ಹಾಕಿದ್ದರು. ಆದರೂ ಆ ಅಂಕಿ ಮಡಚಿದ ತೆಳು ಕಾಗದದ ಸಣ್ಣಕ್ಷರಗಳಲ್ಲಿ ಉಳಿದುಕೊಂಡಿತೇ ಹೊರತು, ನಿಮ್ಮನ್ನು ನೋಡಿದ ವೈದ್ಯರ ಮಾತಿಗೆ ಬರಲಿಲ್ಲ. ವೈದ್ಯಕೀಯ ಸಂಶೋಧನೆ ಹೆಂಗಸರಿಗೆ ಒದಗಿಬರಬೇಕು ಎಂದಾಗ ನಾವು ಪ್ರಯೋಗದಲ್ಲಿ ಎಷ್ಟು ಜನ ಸೇರಿದರು ಎಂಬುದನ್ನಷ್ಟೇ ಲೆಕ್ಕ ಹಾಕುತ್ತೇವೆ. ಸಿಕ್ಕ ಉತ್ತರ ಹೊರರೋಗಿ ವಿಭಾಗದ ಮೇಜಿನವರೆಗೆ ಬಂತೇ ಎಂದು ಕೇಳುವವರು ಕಡಿಮೆ.

ಅರ್ಧ ಮಾತ್ರೆಯ ಯೋಚನೆ ತಪ್ಪಲ್ಲ, ಆದರೆ ನೀವಾಗಿಯೇ ಮಾಡಬೇಡಿ. ವೈದ್ಯರ ಜೊತೆ ಕುಳಿತು ಮಾಡಬಹುದಾದ ಬದಲಾವಣೆಗಳು ಹಲವಿವೆ, ಪ್ರತಿಯೊಂದಕ್ಕೂ ಅದರದೇ ತೊಡಕಿದೆ. ಪ್ರಮಾಣವನ್ನು 2.5ಕ್ಕೆ ಇಳಿಸಿದರೆ ಊತ ತಗ್ಗಬಹುದು, ಆದರೆ ಬಿಪಿ ಮೇಲೇರಬಹುದು. ಆದ್ದರಿಂದ ಮುಂದಿನ ಕೆಲವು ವಾರ ಮನೆಯಲ್ಲಿಯೇ ಬಿಪಿ ನೋಡಿ ಬರೆದಿಡಬೇಕಾಗುತ್ತದೆ. ಕಡಿಮೆ ಪ್ರಮಾಣದ ಅಮ್ಲೋಡಿಪಿನ್ ಜೊತೆಗೆ ಟೆಲ್ಮಿಸಾರ್ಟಾನ್‌ನಂತಹ ಔಷಧವನ್ನು ಸೇರಿಸಿದರೆ ಬಿಪಿಯೂ ಹತೋಟಿಗೆ ಬರುತ್ತದೆ, ಊತವೂ ಇಳಿಯುತ್ತದೆ. ಆದರೆ ಆ ಗುಂಪಿನ ಔಷಧಗಳು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವುದರಿಂದ, ಮುಟ್ಟು ಪೂರ್ತಿ ನಿಂತಿಲ್ಲದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ಪರೀಕ್ಷೆಯೂ ಬೇಕು. ಊತವಿದೆಯೆಂದು ನೀರು ಇಳಿಸುವ ಮಾತ್ರೆ ಕೊಡುವ ರೂಢಿಯೊಂದಿದೆ. ನಿಮ್ಮ ದೇಹದಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲವಾದ್ದರಿಂದ ಅದು ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದರ ಮೇಲೆ, ಥಯಾಜೈಡ್ ಜಾತಿಯ ಆ ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಕುಸಿಯುವ ತೊಂದರೆ ವಯಸ್ಸಾದ ಹೆಂಗಸರಲ್ಲಿಯೇ ಹೆಚ್ಚು. ಎಲ್ಲಕ್ಕಿಂತ ಅಪಾಯದ ದಾರಿ ಎಂದರೆ ಬೇಸತ್ತು ಮಾತ್ರೆಯನ್ನೇ ಬಿಟ್ಟುಬಿಡುವುದು. ಊತದಿಂದ ಯಾರಿಗೂ ಪಾರ್ಶ್ವವಾಯು ಬಡಿಯುವುದಿಲ್ಲ, ಹತೋಟಿ ತಪ್ಪಿದ ಬಿಪಿಯಿಂದ ಬಡಿಯುತ್ತದೆ.

ಇನ್ನು ನೀವು ಓದಿದ ಮಾತು. "ಗಂಡಸರ ಮೇಲೆ ಮಾತ್ರ" ಎಂಬುದು ಇಂದಿನ ಮಟ್ಟಿಗೆ ಸುಳ್ಳು, ಹಿಂದಿನ ಮಟ್ಟಿಗೆ ಬಹುಪಾಲು ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1977ರಲ್ಲಿ ಹೊರಡಿಸಿದ ಮಾರ್ಗಸೂಚಿ, ಗರ್ಭ ಧರಿಸುವ ಸಾಧ್ಯತೆಯಿರುವ ಮಹಿಳೆಯರನ್ನು ಹೊಸ ಔಷಧದ ಆರಂಭಿಕ ಹಂತದ ಪ್ರಯೋಗಗಳಿಂದ ಹೊರಗಿಡಲು ಹೇಳಿತು. ಗಂಡ ದೂರದಲ್ಲಿರುವವಳು, ಮದುವೆಯಾಗದವಳು, ಗರ್ಭನಿರೋಧಕ ಬಳಸುವವಳು, ಎಲ್ಲರೂ ಆ ಒಂದು ವಾಕ್ಯದಲ್ಲಿ ಹೊರಗಾದರು. ಅದನ್ನು ಹಿಂತೆಗೆದುಕೊಂಡದ್ದು 1993ರಲ್ಲಿ. ಸರ್ಕಾರಿ ಹಣದ ಸಂಶೋಧನೆಯಲ್ಲಿ ಮಹಿಳೆಯರು ಇರಲೇಬೇಕೆಂಬ ಕಾನೂನನ್ನು ಅಮೆರಿಕ ಮಾಡಿದ್ದೂ ಅದೇ ವರ್ಷ. ಹೊರಗಿಟ್ಟದ್ದಕ್ಕೆ ಮುಖ್ಯ ಕಾರಣ ಥ್ಯಾಲಿಡೊಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ಔಷಧವನ್ನು ಬಸುರಿಯರು ಬೆಳಗಿನ ವಾಕರಿಕೆಗೆ ತೆಗೆದುಕೊಂಡರು. 1961ರಲ್ಲಿ ಹಿಂತೆಗೆಯುವಷ್ಟರಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಅದರಿಂದ ಲೋಕ ಕಲಿತ ಪಾಠ ಬಸುರಿಯರನ್ನು ಸಂಶೋಧನೆಯಿಂದ ದೂರವಿಡಬೇಕು ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗಾದ ಪಾಠ. ಆ ಮಕ್ಕಳಿಗೆ ಹಾನಿಯಾದದ್ದು ಅವರ ತಾಯಂದಿರನ್ನು ಪ್ರಯೋಗಕ್ಕೆ ಸೇರಿಸಿದ್ದರಿಂದಲ್ಲ. ಬಸಿರಿನಲ್ಲಿ ಅದು ಏನು ಮಾಡುತ್ತದೆ ಎಂದು ತಕ್ಕಂತೆ ಪರೀಕ್ಷಿಸದೆ ಅಂಗಡಿಗೆ ಬಿಟ್ಟದ್ದರಿಂದ.

ಜೊತೆಗೆ ಸೋಮಾರಿತನವೂ ಇತ್ತು ಎನ್ನಬೇಕು. ತಿಂಗಳ ಚಕ್ರದಲ್ಲಿ ಹಾರ್ಮೋನು ಏರಿಳಿಯುವುದರಿಂದ ಫಲಿತಾಂಶ ಅಂದಗೆಡುತ್ತದೆ ಎಂದು ಪ್ರಯೋಗಾಲಯಗಳು ಗಂಡು ಇಲಿಗಳನ್ನೇ ಸಾಕಿದವು. ವೈದ್ಯಕೀಯ ಸಂಶೋಧನೆಗೆ ಸರ್ಕಾರಿ ಹಣ ಹಂಚುವ ಅಮೆರಿಕದ ಎನ್‌ಐಎಚ್ ಸಂಸ್ಥೆ ಪ್ರಾಣಿಗಳ ಮೇಲಿನ ಸಂಶೋಧನೆಯಲ್ಲಿಯೂ ಗಂಡು ಹೆಣ್ಣು ಎರಡನ್ನೂ ಪರಿಗಣಿಸಬೇಕೆಂದು ನಿಯಮ ತಂದದ್ದು 2016ರಲ್ಲಿ ಮಾತ್ರ. ನಮ್ಮಲ್ಲಿ ಒಂದು ಕಂಪನಿಯ ಮಾತ್ರೆ ಇನ್ನೊಂದರ ಮಾತ್ರೆಗೆ ಸಮನೇ ಎಂದು ನೋಡುವ ಅಧ್ಯಯನಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವವರು ಆರೋಗ್ಯವಂತ ಯುವಕರೇ.

ಇದರ ಫಲ ಏನೆಂದು ನಿದ್ರೆಮಾತ್ರೆ ಜೊಲ್ಪಿಡೆಮ್ ತೋರಿಸಿಕೊಟ್ಟಿತು. ಅಮೆರಿಕದಲ್ಲಿ 1992ರಲ್ಲಿ ಅನುಮತಿ ಪಡೆದ ಈ ಮಾತ್ರೆಯನ್ನು ಹೆಂಗಸರ ದೇಹ ನಿಧಾನವಾಗಿ ಹೊರಹಾಕುತ್ತದೆ. ರಾತ್ರಿ ನುಂಗಿದರೆ ಮರುದಿನ ಬೆಳಿಗ್ಗೆ ಕಾರು ಓಡಿಸುವ ಹೊತ್ತಿಗೂ ರಕ್ತದಲ್ಲಿ ಸಾಕಷ್ಟು ಉಳಿದಿರುತ್ತದೆ. ಮಹಿಳೆಯರಿಗೆ ಹೇಳುವ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಲು ಎಫ್‌ಡಿಎ ಸೂಚಿಸಿದ್ದು 2013ರಲ್ಲಿ. ನಡುವಿನ ಎರಡು ದಶಕ ಆ ಮಂಪರನ್ನು ಎಷ್ಟು ಮನೆಗಳಲ್ಲಿ "ಮನೆಕೆಲಸದ ಸುಸ್ತು" ಎಂದು ಕರೆದಿರಬಹುದು, ನೀವೇ ಊಹಿಸಿ. ಹೃದಯಾಘಾತ ತಡೆಯಲು ಆಸ್ಪಿರಿನ್ ಕೊಡುವ ವಿಷಯದಲ್ಲಿಯೂ ಹೀಗೇ ಆಯಿತು. 22,071 ವೈದ್ಯರ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿದ್ದವರು ಒಬ್ಬರೂ ಬಿಡದೆ ಗಂಡಸರು. ಸುಮಾರು 40,000 ಮಹಿಳೆಯರ ಮೇಲೆ ನಡೆದ ಅಧ್ಯಯನ 2005ರಲ್ಲಿ ಬಂದಾಗ ಚಿತ್ರವೇ ಬೇರೆಯಾಗಿತ್ತು: ಒಟ್ಟಾರೆ ಹೃದಯಾಘಾತ ಹೇಳುವಷ್ಟು ತಗ್ಗಲಿಲ್ಲ, ಪಾರ್ಶ್ವವಾಯು ತಗ್ಗಿತು.

ಹಾಗೆಂದು ಮಹಿಳೆಯರನ್ನು ಸೇರಿಸಿಬಿಟ್ಟರೆ ಎಲ್ಲ ಸರಿಯಾಯಿತು ಎಂದಲ್ಲ. ನೀವು ಮುಟ್ಟು ನಿಲ್ಲುವ ವಯಸ್ಸಿನವರಾದ್ದರಿಂದ ಈ ಉದಾಹರಣೆ ನಿಮಗೆ ಬೇಕಾದದ್ದೇ. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆದ ಹಾರ್ಮೋನು ಚಿಕಿತ್ಸೆಯ ಬೃಹತ್ ಪ್ರಯೋಗವನ್ನು 2002ರ ಜುಲೈನಲ್ಲಿ ಅರ್ಧದಲ್ಲಿಯೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಮತ್ತು ಹೃದಯದ ತೊಂದರೆ ಹೆಚ್ಚಾದವೆಂಬ ಸುದ್ದಿ ಹಬ್ಬಿ ಲೋಕದ ತುಂಬ ಹೆಂಗಸರು ಹಾರ್ಮೋನು ಮಾತ್ರೆಗಳನ್ನು ಬಿಸಾಡಿದರು. ಆದರೆ ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತಾರು ವರ್ಷವಾದವರಲ್ಲಿ ಕಂಡ ಅಪಾಯವನ್ನು, ಆಗಷ್ಟೇ ಮುಟ್ಟು ನಿಂತು ರಾತ್ರಿಯೆಲ್ಲ ಬೆವರಿ ಏಳುವ ಐವತ್ತರ ಹೆಂಗಸಿಗೂ ಅನ್ವಯಿಸಿಬಿಟ್ಟರು. ಇಂದಿನ ತಿಳಿವಳಿಕೆಯಂತೆ ಅರವತ್ತರೊಳಗಿನ, ಬೇರೆ ಅಡ್ಡಿಯಿಲ್ಲದ ಮಹಿಳೆಗೆ ಲೆಕ್ಕ ಬೇರೆಯೇ ಇದೆ. ಅಂದರೆ ಎಷ್ಟು ಹೆಂಗಸರು ಎಂಬುದರ ಜೊತೆಗೆ ಯಾವ ವಯಸ್ಸಿನವರು ಎಂಬುದೂ ಮುಖ್ಯ.

ಇನ್ನೊಂದು ಅತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. "ಹೆಂಗಸರಿಗೆ ಹೃದಯಾಘಾತವಾದರೆ ಎದೆ ನೋಯುವುದೇ ಇಲ್ಲ" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಎದೆನೋವು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಮೊದಲ ಲಕ್ಷಣವೇ. ಹೆಂಗಸರಲ್ಲಿ ಉಬ್ಬಸ, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವು ಅದರ ಜೊತೆ ಸೇರುವುದು ಹೆಚ್ಚು. ಅಸಿಡಿಟಿಯೆಂದು ಜೀರಿಗೆ ನೀರು ಕುಡಿದು ಮಲಗಬೇಡಿ.

ಔಷಧದ ಪ್ರಮಾಣಕ್ಕಿಂತ ನನಗೆ ಹೆಚ್ಚು ಕಾಡುವುದು, ಕೇಳದೇ ಉಳಿದ ಪ್ರಶ್ನೆಗಳು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ ಬಂಗ್ ಅವರ ತಂಡ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ. 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಎಂದಾದರೂ ಸ್ತ್ರೀರೋಗ ತಪಾಸಣೆಗೆ ಒಳಗಾದವರು ಶೇ. 8 ಮಾತ್ರ. ಆವರೆಗೆ ಬಡದೇಶದ ಹೆಂಗಸರ ಆರೋಗ್ಯವೆಂದರೆ ಕುಟುಂಬ ಯೋಜನೆ ಮತ್ತು ಹೆರಿಗೆ ಎಂದಷ್ಟೇ ಲೋಕ ತಿಳಿದಿತ್ತು. ಬಿಳಿಸೆರಗು, ಮುಟ್ಟಿನ ನೋವು, ಸೋಂಕು ಇವು ಯಾರ ಲೆಕ್ಕದ ಪುಸ್ತಕದಲ್ಲಿಯೂ ಇರಲಿಲ್ಲ. ಈಚಿನ ಕೋವಿಡ್ ಲಸಿಕೆಯ ಪ್ರಯೋಗಗಳಲ್ಲಿ ಸಾವಿರಾರು ಮಹಿಳೆಯರಿದ್ದರೂ ಮುಟ್ಟಿನ ಬಗ್ಗೆ ವ್ಯವಸ್ಥಿತವಾಗಿ ಕೇಳಿರಲಿಲ್ಲ. ಲಸಿಕೆಯ ನಂತರ ಮುಟ್ಟು ತಡವಾಯಿತು ಎಂದು ಹೆಂಗಸರು ಹೇಳತೊಡಗಿದಾಗ ಕೆಲವರು ನಕ್ಕರು, ಕೆಲವರು ಬಂಜೆತನ ಬರುತ್ತದೆ ಎಂದು ಹೆದರಿಸಿದರು. ಕೊನೆಗೆ ಅಧ್ಯಯನ ಮಾಡಿ ನೋಡಿದರೆ ಸಿಕ್ಕ ಉತ್ತರ ಸರಳವಾಗಿತ್ತು: ಸರಾಸರಿ ಒಂದು ದಿನಕ್ಕಿಂತ ಕಡಿಮೆ ವ್ಯತ್ಯಾಸ, ಅದೂ ತಾತ್ಕಾಲಿಕ. ಮೊದಲೇ ಒಂದು ಸಾಲು ಕೇಳಿದ್ದರೆ ಅಷ್ಟು ಗದ್ದಲ ಇರುತ್ತಿರಲಿಲ್ಲ.

ಎಥಿಕ್ಸ್ ಕಮಿಟಿಯ ಸಭೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚುವ ಮುಲಾಮಿನ ಅಧ್ಯಯನವೊಂದು ನಮ್ಮ ಮುಂದೆ ಬಂತು. ಯಾರನ್ನು ಸೇರಿಸುವುದಿಲ್ಲ ಎಂಬ ಪಟ್ಟಿಯ ಕೊನೆಯಲ್ಲಿ "ಗರ್ಭಿಣಿಯರು, ಹಾಲುಣಿಸುವವರು, ಗರ್ಭ ಧರಿಸುವ ಸಾಧ್ಯತೆಯಿರುವ ಮಹಿಳೆಯರು" ಎಂಬ ಸಾಲಿತ್ತು. ಚರ್ಮದ ಮೇಲಷ್ಟೇ ಕೆಲಸ ಮಾಡಿ ರಕ್ತಕ್ಕೆ ಸೇರದ ಮುಲಾಮು ಅದು. ವೈದ್ಯರಲ್ಲದ ಸದಸ್ಯೆಯೊಬ್ಬರು, ಸಮಾಜಕಾರ್ಯಕರ್ತೆ, ಆ ಸಾಲಿನ ಮೇಲೆ ಬೆರಳಿಟ್ಟು ಇದು ಯಾಕೆ ಎಂದರು. ಸಂಶೋಧಕರು ಸ್ವಲ್ಪ ಹೊತ್ತು ಕಾಗದ ತಿರುವಿ, ಹಿಂದಿನ ಅಧ್ಯಯನದ ನಮೂನೆಯಲ್ಲಿ ಇತ್ತು, ಹಾಗೇ ಬಂದಿದೆ ಎಂದರು. ಯಾರ ದುರುದ್ದೇಶವೂ ಇರಲಿಲ್ಲ. ನಲವತ್ತೈದರೊಳಗಿನ ಎಲ್ಲ ಹೆಂಗಸರೂ ಒಂದು ನಕಲು ಸಾಲಿನಿಂದ ಹೊರಗಾಗುತ್ತಿದ್ದರು, ಅಷ್ಟೇ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಒಬ್ಬರು ಸಾಮಾನ್ಯ ನಾಗರಿಕರು. ಒಬ್ಬರು ಸಾಲದು ಎಂಬುದು ನನ್ನ ಅನುಭವ. ಆದರೆ ಆ ಒಬ್ಬರೂ ಇರದಿದ್ದರೆ ಆ ದಿನ ಆ ಸಾಲು ಹಾಗೆಯೇ ದಾಟಿ ಹೋಗುತ್ತಿತ್ತು.

ಅಧ್ಯಯನಕ್ಕೆ ಹೆಂಗಸರು ಬರುವುದಿಲ್ಲ ಎಂದು ಗೊಣಗುವ ಸಂಶೋಧಕರಿಗೂ ನಾನು ಒಂದು ಮಾತು ಹೇಳುವುದುಂಟು. ಬೆಳಿಗ್ಗೆ ಒಂಬತ್ತಕ್ಕೆ ಖಾಲಿ ಹೊಟ್ಟೆಯಲ್ಲಿ ಪರೇಲಿಗೆ ಬನ್ನಿ ಎಂದರೆ ಡೊಂಬಿವಲಿಯ ಹೆಂಗಸು ಎಷ್ಟಕ್ಕೆ ಎದ್ದು, ಡಬ್ಬಿ ಕಟ್ಟಿ, ನೀರು ತುಂಬಿಸಿ, ಯಾವ ಲೋಕಲ್ ಹಿಡಿಯಬೇಕು? ಮಧ್ಯಾಹ್ನದ ಹೊತ್ತು ಕೊಟ್ಟರೆ, ಜೊತೆಗೆ ಬರುವವರ ಟಿಕೆಟ್ ಖರ್ಚನ್ನೂ ಕೊಟ್ಟರೆ, ಮಗುವನ್ನು ಕೂರಿಸಲು ಒಂದು ಮೂಲೆ ಇದ್ದರೆ ಬರುತ್ತಾರೆ. ಇದು ವಿಜ್ಞಾನದ ಕೊರತೆಯಲ್ಲ, ವೇಳಾಪಟ್ಟಿಯ ಕೊರತೆ.

ಈಗ ಮಗಳ ವಿಷಯ. ನಿಮ್ಮ ಬೀಗರ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆ ಭಯಕ್ಕೆ ಆಧಾರವಿದೆ. 2009ರಲ್ಲಿ ಖಮ್ಮಂ ಮತ್ತು ವಡೋದರಾ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ನಡೆದಾಗ, ಹಲವು ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದು ಬಯಲಾಯಿತು. ಯೋಜನೆ 2010ರಲ್ಲಿ ನಿಂತಿತು. ಸಂಸದೀಯ ಸ್ಥಾಯಿ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಖಂಡಿಸಿತು. ಲಸಿಕೆ ಒಳ್ಳೆಯದೇ, ಗರ್ಭಕಂಠದ ಕ್ಯಾನ್ಸರನ್ನು ತಡೆಯುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಲಸಿಕೆಗೂ 2022ರಲ್ಲಿ ಅನುಮತಿ ಸಿಕ್ಕಿತು. ಆದರೆ ಒಳ್ಳೆಯ ವಸ್ತುವನ್ನು ಕೆಟ್ಟ ರೀತಿಯಲ್ಲಿ ಕೊಟ್ಟಾಗ ಕಳೆದುಹೋದ ನಂಬಿಕೆಯನ್ನು ಮರಳಿ ತರುವುದು ಕಷ್ಟ. ಮುಂಬಯಿಯಲ್ಲಿಯೇ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ದೊಡ್ಡ ಅಧ್ಯಯನ ನಡೆಸಿತು. ಹತ್ತನೇ ತರಗತಿ ಓದಿದ ಮಹಿಳೆಯರಿಗೆ ತರಬೇತಿ ಕೊಟ್ಟು, ಗರ್ಭಕಂಠಕ್ಕೆ ವಿನೆಗರ್ ಸವರಿ ಬಿಳಿ ಕಲೆ ಮೂಡುತ್ತದೆಯೇ ಎಂದು ನೋಡುವ ಅಗ್ಗದ ತಪಾಸಣೆ ಅದು; ಆ ಕ್ಯಾನ್ಸರಿನಿಂದಾಗುವ ಸಾವು ಶೇ. 31ರಷ್ಟು ತಗ್ಗಿತು. ಆದರೆ ಹೋಲಿಕೆಗೆ ಇಟ್ಟುಕೊಂಡ ಗುಂಪಿನ ಹೆಂಗಸರಿಗೆ ಆ ವರ್ಷಗಳಲ್ಲಿ ಸಿಕ್ಕದ್ದು ಕ್ಯಾನ್ಸರ್ ಬಗ್ಗೆ ತಿಳಿವಳಿಕೆಯ ಮಾತು ಮಾತ್ರ, ತಪಾಸಣೆಯಲ್ಲ. ದೇಶದಲ್ಲಿ ಆಗ ಯಾರಿಗೂ ಸಿಗುತ್ತಿರಲಿಲ್ಲವಲ್ಲ ಎಂದು ಒಂದು ಪಕ್ಷ, ತಪಾಸಣೆಯಿಂದ ಉಪಯೋಗವೆಂದು ಗೊತ್ತಿದ್ದೂ ಕೊಡದಿರುವುದು ಸರಿಯೇ ಎಂದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದ ಕಡೆಗೆ ವಾಲುತ್ತೇನೆ, ಆದರೂ ಆ ಅಧ್ಯಯನದಿಂದ ಬಡದೇಶಗಳಿಗೆ ಸಿಕ್ಕ ದಾರಿಯನ್ನು ಅಲ್ಲಗಳೆಯಲಾರೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಬಾಣಂತಿಯರು ಒಂದು ಪ್ರಯೋಗದಲ್ಲಿ ಪಾಲ್ಗೊಂಡರು. ಹೆರಿಗೆಯಾದ ಕೂಡಲೇ ಹಳ್ಳಿಯ ಆರೋಗ್ಯ ಸಹಾಯಕಿಯಾದ ಎಎನ್‌ಎಂ ಸಿಸ್ಟರ್ ಅರ್ಧ ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ ಕೊಟ್ಟರು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಸೂಜಿ ಬೇಡ, ಫ್ರಿಜ್ ಬೇಡ, ವೈದ್ಯರು ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಎಂದೂ ಬೆಳಗಾವಿ ನೋಡದ ಎಷ್ಟೋ ತಾಯಂದಿರು ಇಂದು ಅದರಿಂದ ಉಳಿಯುತ್ತಿದ್ದಾರೆ. ಇದಕ್ಕೆ ತಿರುಗುಮುರುಗಾದ ಉದಾಹರಣೆ 2021ರದು. ಕೋವಿಡ್ ಲಸಿಕೆಯ ಪ್ರಯೋಗಗಳಲ್ಲಿ ಬಸುರಿಯರನ್ನು ಸೇರಿಸಿರಲಿಲ್ಲವಾದ್ದರಿಂದ ನಮ್ಮಲ್ಲಿ ಅವರಿಗೆ ಲಸಿಕೆ ಸಿಕ್ಕದ್ದು ಜುಲೈನಲ್ಲಿ. ಏಪ್ರಿಲ್ ಮೇ ತಿಂಗಳ ಎರಡನೇ ಅಲೆ ಅಷ್ಟರಲ್ಲಿ ಬಂದುಹೋಗಿತ್ತು. ಆ ಅಲೆಯಲ್ಲಿ ನಮ್ಮ ಹೆರಿಗೆ ವಾರ್ಡುಗಳು ಹೇಗಿದ್ದವು ಎಂಬುದನ್ನು ಕಂಡ ಮೇಲೆ, ಬಸುರಿಯರನ್ನು ದೂರವಿಡುವುದನ್ನು ಎಚ್ಚರಿಕೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಬಸುರಿಯರಿಗೆ ಔಷಧ ಬೇಕಾಗಿಯೇ ಬೇಕಾಗುತ್ತದೆ. ಅಧ್ಯಯನದಲ್ಲಿ ಅಪಾಯವಾದರೆ ಬರೆದಿಡುವವರು, ನಿಲ್ಲಿಸುವವರು, ಉತ್ತರ ಹೇಳಬೇಕಾದವರು ಇರುತ್ತಾರೆ. ಅಧ್ಯಯನವಿಲ್ಲದೆ ಮನೆಯಲ್ಲಿ ನುಂಗಿದ ಔಷಧದಿಂದಾದ ಅಪಾಯವನ್ನು ಯಾರೂ ಎಣಿಸುವುದಿಲ್ಲ.

ನಿಮ್ಮ ಮಗಳಿಗೆ ಹೇಳಿರುವ ಅಧ್ಯಯನ, ನೀವು ಬರೆದಿರುವುದನ್ನು ನೋಡಿದರೆ, ಹೊಸ ಔಷಧದ್ದಲ್ಲ. 8.9 ಎಂಬುದು ಬಸಿರಿನಲ್ಲಿ ಮಧ್ಯಮ ಮಟ್ಟದ ರಕ್ತಹೀನತೆ. ಅಧ್ಯಯನಕ್ಕೆ ಸೇರಿದರೂ ಬಿಟ್ಟರೂ ಅದಕ್ಕೆ ಚಿಕಿತ್ಸೆ ಆಗಲೇಬೇಕು. ಎರಡೂ ಗುಂಪಿನವರಿಗೆ ಕಬ್ಬಿಣ ಸಿಗುತ್ತದೆ, ಯಾರಿಗೆ ಯಾವ ರೂಪದಲ್ಲಿ ಎಂಬುದನ್ನು ಮಾತ್ರ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಮಾತ್ರೆಯಿಂದ ಮಲಬದ್ಧತೆ, ವಾಕರಿಕೆ. ಅದಕ್ಕೇ ಬಹಳ ಮಂದಿ ಅರ್ಧದಲ್ಲಿ ಬಿಡುತ್ತಾರೆ. ಚಹಾ ಮತ್ತು ಕ್ಯಾಲ್ಸಿಯಂ ಮಾತ್ರೆಯ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದೂ ಕಡಿಮೆ. ಸಲೈನ್ ಮೂಲಕ ಕೊಡುವ ಕಬ್ಬಿಣ ಬೇಗ ಕೆಲಸ ಮಾಡುತ್ತದೆ, ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ, ಅವಳು ಅದನ್ನು ದಾಟಿದ್ದಾಳೆ. ತಲೆನೋವು ಬರಬಹುದು, ಸೂಜಿಯ ಪಕ್ಕಕ್ಕೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ಬಹುಕಾಲ ಉಳಿಯುತ್ತದೆ. ತೀವ್ರ ಅಲರ್ಜಿ ಅಪರೂಪ, ಆದರೆ ಆಗಬಹುದಾದ್ದರಿಂದ ಅದನ್ನು ಎದುರಿಸುವ ಸೌಕರ್ಯವಿರುವ ಕಡೆಯಲ್ಲಿಯೇ ಹಾಕಿಸಿಕೊಂಡು, ಆಮೇಲೆ ಅರ್ಧ ಗಂಟೆಯಾದರೂ ಅಲ್ಲಿಯೇ ಕೂರಬೇಕು.

ಅವಳು ಒಂದು ವಿಷಯ ಖಂಡಿತ ಕೇಳಲಿ: ರಕ್ತಹೀನತೆ ಕಬ್ಬಿಣದ ಕೊರತೆಯಿಂದಲೇ ಬಂದಿದೆಯೇ ಎಂದು ನೋಡಿದ್ದಾರೆಯೇ? ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ 1993ರಲ್ಲಿ ಆರಂಭವಾದ ತಾಯಂದಿರ ಪೋಷಣೆಯ ಅಧ್ಯಯನ ಈ ಬಗ್ಗೆ ಕಣ್ಣು ತೆರೆಸಿತು. ಮದುವೆಯಾದ ಹೆಂಗಸರ ಮನೆಗೆ ತಿಂಗಳು ತಿಂಗಳೂ ಹೋಗಿ, ಮುಟ್ಟಿನ ದಿನ ಕೇಳಿ ಬರೆದುಕೊಂಡು, ಬಸಿರು ನಿಂತ ಕ್ಷಣದಿಂದ ಹುಟ್ಟಿದ ಮಗು ದೊಡ್ಡದಾಗುವವರೆಗೆ ಹಿಂಬಾಲಿಸಿದ ಅಧ್ಯಯನ ಅದು. ಆ ತಾಯಂದಿರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಗೆ ವಿಟಮಿನ್ ಬಿ12 ಕಡಿಮೆಯಿತ್ತು. ಬಿ12 ಕಡಿಮೆಯಿದ್ದು, ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣ ಹೆಚ್ಚು ಕಂಡಿತು. ಮಗಳು ಸಸ್ಯಾಹಾರಿಯಾಗಿದ್ದರೆ ಬಿ12 ನೋಡಿಸಲೇಬೇಕು. ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆಯಾದ ಥಲಸ್ಸೇಮಿಯಾದ ವಾಹಕಳೇ ಎಂಬ ರಕ್ತಪರೀಕ್ಷೆ ಈವರೆಗೆ ಆಗಿಲ್ಲದಿದ್ದರೆ ಅದೂ ಆಗಲಿ.

ಒಪ್ಪುವ ಮೊದಲು ಮಾಹಿತಿಪತ್ರವನ್ನು ಮನೆಗೆ ತರಲಿ. ಪುಣೆಯಲ್ಲಿ ಅದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿರುತ್ತದೆ. ಅವಳಿಗೆ ಯಾವ ಭಾಷೆ ಸಲೀಸೋ ಅದರಲ್ಲಿ ವಿವರಿಸಬೇಕಾದದ್ದು ಸಂಶೋಧಕರ ಹೊಣೆ. ಎಲ್ಲಕ್ಕಿಂತ ಮೊದಲು ಸಿಟಿಆರ್‌ಐ ನೋಂದಣಿ ಸಂಖ್ಯೆ ಹುಡುಕಿ: ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ಈ ಸರ್ಕಾರಿ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ, ಯಾರು ಬೇಕಾದರೂ ನೋಡಬಹುದು. ಆ ಸಂಖ್ಯೆ ಹೇಳಲು ತಡವರಿಸಿದರೆ ಸೇರಬೇಡಿ. ರಾತ್ರಿ ಹೊತ್ತು ತೊಂದರೆಯಾದರೆ ಕರೆ ಮಾಡಬೇಕಾದ ನಂಬರ್, ಎಥಿಕ್ಸ್ ಕಮಿಟಿಯ ನಂಬರ್, ಹೆಚ್ಚುವರಿ ರಕ್ತಪರೀಕ್ಷೆಯ ಖರ್ಚು ಯಾರದು, ಅಧ್ಯಯನದಿಂದ ಹಾನಿಯಾದರೆ ಚಿಕಿತ್ಸೆ ಯಾರದು, ಹಿಮೋಗ್ಲೋಬಿನ್ ಏರದಿದ್ದರೆ ಎಷ್ಟು ವಾರಕ್ಕೆ ಚಿಕಿತ್ಸೆ ಬದಲಿಸುತ್ತಾರೆ ಎಂಬುದೆಲ್ಲ ಆ ಪತ್ರದಲ್ಲಿಯೇ ಇರಬೇಕು. ಕೊನೆಯ ಪ್ರಶ್ನೆ ಹೆಚ್ಚು ಮುಖ್ಯ. ಹೆರಿಗೆಗೆ ಉಳಿದಿರುವುದು ನಾಲ್ಕೇ ತಿಂಗಳು, ಕೆಲಸ ಮಾಡದ ಚಿಕಿತ್ಸೆಗೆ ಅಂಟಿಕೊಂಡು ಕೂರುವಷ್ಟು ಸಮಯ ಅವಳಿಗಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಬಂದರೆ ಅದೇ ಆಸ್ಪತ್ರೆಯ ಚಿಕಿತ್ಸೆಗೆ ಕುಂದು ಬರಬಾರದು. ಸೇರಲು ಮನಸ್ಸಿಲ್ಲದಿದ್ದರೆ ಬೇಡ ಎಂದರಾಯಿತು, ಅದರಲ್ಲಿ ತಪ್ಪಿಲ್ಲ; ಆಗಲೂ ವೈದ್ಯರು ತಮಗೆ ಸರಿಕಂಡ ರೂಪದಲ್ಲಿ ಕಬ್ಬಿಣ ಕೊಡುತ್ತಾರೆ, ಆದರೆ ಅಧ್ಯಯನದವರಿಗೆ ಮಾಡುವಷ್ಟು ಪರೀಕ್ಷೆ, ವಿಚಾರಣೆ ಅವಳಿಗೆ ಸಿಗಲಿಕ್ಕಿಲ್ಲ. ಆ ಪತ್ರದಲ್ಲಿ ಉತ್ತರಗಳು ಸರಿಯಾಗಿದ್ದರೆ ನಾನಾಗಿದ್ದರೆ ಸೇರು ಎನ್ನುತ್ತಿದ್ದೆ. ಬೀಗರನ್ನೂ ಒಮ್ಮೆ ಆಸ್ಪತ್ರೆಗೆ ಕರೆದೊಯ್ದು ಸಂಶೋಧಕರನ್ನೇ ಕೇಳಲು ಬಿಡಿ, ಒಳ್ಳೆಯ ತಂಡ ಅದಕ್ಕೆ ಬೇಸರಿಸುವುದಿಲ್ಲ. ಆದರೆ ಸಹಿ ಅವಳದೇ ಆಗಬೇಕು. ವಯಸ್ಸಿಗೆ ಬಂದ, ವಿವೇಚನೆಯಿರುವ ಹೆಂಗಸಿನ ಬದಲಿಗೆ ಗಂಡನೋ ಅತ್ತೆಯೋ ತಾಯಿಯೋ ಹಾಕಿದ ಸಹಿ ಒಪ್ಪಿಗೆಯೆನಿಸುವುದಿಲ್ಲ.

ನಿಮ್ಮ ಕಾಲಿನ ಊತವನ್ನು ನೀವೇ ದಾಖಲಿಸಲು ಒಂದು ದಾರಿಯಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಔಷಧಗಳ ಅಡ್ಡಪರಿಣಾಮಗಳನ್ನು ಕಲೆಹಾಕುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ವೈದ್ಯರಷ್ಟೇ ಅಲ್ಲ, ಮಾತ್ರೆ ನುಂಗಿದವರೂ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ತಿಳಿಸಬಹುದು. ಔಷಧದ ಹೆಸರು, ಪ್ರಮಾಣ, ಎಂದು ಶುರುವಾಯಿತು, ಊತ ಯಾವಾಗ ಕಂಡಿತು ಎಂಬುದನ್ನು ಬರೆದಿಟ್ಟುಕೊಂಡು ಕರೆ ಮಾಡಿ. ಅದೇ ಚೀಟಿಯನ್ನು ಮುಂದಿನ ಬಾರಿ ವೈದ್ಯರ ಮುಂದೆಯೂ ಇಡಿ, ಮೂತ್ರದಲ್ಲಿ ಪ್ರೋಟೀನ್ ಹಾಗೂ ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಊತ ಒಂದೇ ಕಾಲಿಗೆ ಬಂದು ಮೀನಖಂಡ ನೋಯತೊಡಗಿದರೆ, ಬೆಳಿಗ್ಗೆ ಏಳುವಾಗ ಮುಖವೂ ಬಾತಿದ್ದರೆ, ಅಥವಾ ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಏದುಸಿರು ಬಂದರೆ ಅದು ಈ ಮಾತ್ರೆಯ ಕೆಲಸವಲ್ಲ. ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.